ಮನೆಯಲ್ಲೊಂದು ಸರ್ವರ್: ಯಾವ ಪೆಟ್ಟಿಗೆ ಯಾವ ಮನೆಗೆ?

ಎರಡು ವರ್ಷದ ಹಿಂದಿನ ಒಂದು ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ನಾನು ಮೆಟ್ರೋದಲ್ಲಿದ್ದೆ. ಮನೆಯಿಂದಲೇ ಕೆಲಸ ಮಾಡುವ ಹೆಂಡತಿಯ ಫೋನ್ ಬಂತು. "ರೀ, ವೈಫೈ ಪೂರ್ತಿ ತೋರಿಸ್ತಿದೆ, ಆದ್ರೆ ಒಂದೂ ಓಪನ್ ಆಗ್ತಿಲ್ಲ. ಹತ್ತು ಗಂಟೆಗೆ ನಂಗೆ ಮೀಟಿಂಗ್ ಇದೆ." ಹಿಂದಿನ ರಾತ್ರಿ ನಾನು ಮನೆಯ ಡಿಎನ್‌ಎಸ್ ಸರ್ವರ್‌ನ ಸೆಟ್ಟಿಂಗ್ ಬದಲಿಸಿ, ಸರಿಯಾಗಿದೆಯಾ ಎಂದು ನೋಡದೆ ಮಲಗಿದ್ದೆ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ವೆಬ್‌ಸೈಟ್‌ಗಳ ವಿಳಾಸಕ್ಕೆ ಆ ಒಂದೇ ಪೆಟ್ಟಿಗೆಯನ್ನು ಕೇಳುತ್ತಿದ್ದವು. ಅದು ಉತ್ತರ ಕೊಡುವುದನ್ನು ನಿಲ್ಲಿಸಿತು. ಅವಳು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಮೀಟಿಂಗ್ ಮುಗಿಸಿದಳು. ಸಂಜೆ ಜಗಳವೇನೂ ಆಗಲಿಲ್ಲ. ಆದರೆ ನನಗೆ ತುಂಬಾ ಬೇಜಾರಾಯಿತು.

ಅಲ್ಲಿಂದೀಚೆಗೆ ಯಾವ ಯಂತ್ರ ನೋಡಿದರೂ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದು ನಿಂತರೆ ಮನೆಯಲ್ಲಿ ಯಾರ ಕೆಲಸ ನಿಲ್ಲುತ್ತದೆ? ಮನೆಯಲ್ಲಿ ಸರ್ವರ್ ಆಗಿ ಇಡಬಹುದಾದ ಯಂತ್ರಗಳ ಈ ಹೋಲಿಕೆಯನ್ನೂ ಆ ಪ್ರಶ್ನೆ ಇಟ್ಟುಕೊಂಡೇ ಬರೆದಿದ್ದೇನೆ. ಬಾಡಿಗೆ ಮನೆ, ಎರಡು ರೂಮು, ಶಾಲೆಗೆ ಹೋಗುವ ಮಗು, ಸಂಜೆ ಸಿಗುವ ಒಂದು ಗಂಟೆ, ತಿಂಗಳ ಕೊನೆಗೆ ಬರುವ ಕರೆಂಟ್ ಬಿಲ್ಲು, ಇವೆಲ್ಲ ಇರುವ ಮನೆಗೆ ಯಾವುದು ಒಗ್ಗುತ್ತದೆ ಎಂಬುದು ಇಲ್ಲಿನ ವಿಷಯ.

ಮೊದಲು ಕರೆಂಟ್ ಲೆಕ್ಕ

ಸರ್ವರ್ ಅಂದರೆ ಮನೆಯವರ ಫೋಟೋ, ಸಿನಿಮಾ, ಫೈಲುಗಳನ್ನು ಇಟ್ಟುಕೊಂಡು, ಕೇಳಿದಾಗ ಕೊಡಲು ದಿನದ 24 ಗಂಟೆಯೂ ಓಡುವ ಯಂತ್ರ. 30 ದಿನಕ್ಕೆ 720 ಗಂಟೆ. ಅಂದರೆ ಒಂದು ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ 0.72 ಯೂನಿಟ್ ತಿನ್ನುತ್ತದೆ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಯಾವ ಪೆಟ್ಟಿಗೆಯ ಖರ್ಚನ್ನಾದರೂ ಬಾಯಲ್ಲೇ ಲೆಕ್ಕ ಹಾಕಬಹುದು.

ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಇಟ್ಟುಕೊಳ್ಳೋಣ. 12 ವ್ಯಾಟ್‌ನ ಮಿನಿ ಪಿಸಿಗೆ (ದಪ್ಪ ಪುಸ್ತಕದಷ್ಟಿನ ಕಂಪ್ಯೂಟರ್) ತಿಂಗಳಿಗೆ ಸುಮಾರು 60 ರೂಪಾಯಿ. 50 ವ್ಯಾಟ್ ಎಳೆಯುವ ಹಳೆ ಡೆಸ್ಕ್‌ಟಾಪ್‌ಗೆ 250. 120 ವ್ಯಾಟ್‌ನ ಹಳೆ ರ‍್ಯಾಕ್ ಸರ್ವರ್‌ಗೆ (ಕಂಪನಿಗಳ ಸರ್ವರ್ ಕೋಣೆಯಲ್ಲಿ ಚೌಕಟ್ಟಿಗೆ ಸಿಕ್ಕಿಸುವಂಥದ್ದು) 600, ವರ್ಷಕ್ಕೆ 7,000ದ ಮೇಲೆ. ಆ ದುಡ್ಡಿಗೆ ಎರಡು ವರ್ಷದಲ್ಲಿ ಇನ್ನೊಂದು ಮಿನಿ ಪಿಸಿಯೇ ಬರುತ್ತದೆ.

ಕರ್ನಾಟಕದಲ್ಲಿ ಇರುವವರಿಗೆ ಇದರ ಜೊತೆ ಇನ್ನೊಂದು ಲೆಕ್ಕ ಇದೆ. 2023ರ ಜುಲೈಯಲ್ಲಿ ಬಂದ ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್‌ಗಳನ್ನು ನಿಗದಿ ಮಾಡಿದ್ದು 2022-23ರ ನಿಮ್ಮ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಈಗ 150 ಯೂನಿಟ್ ಸರಾಸರಿಯ ಮನೆ ತೆಗೆದುಕೊಳ್ಳಿ. ಅದಕ್ಕೆ ಸಿಗುವುದು 165. 12 ವ್ಯಾಟ್‌ನ ಪೆಟ್ಟಿಗೆ ಸೇರಿದರೆ 159 ಆಗುತ್ತದೆ, ಬಿಲ್ ಸೊನ್ನೆಯಾಗಿಯೇ ಉಳಿಯುತ್ತದೆ. 120 ವ್ಯಾಟ್‌ನದು ಸೇರಿದರೆ 236 ದಾಟುತ್ತದೆ. ಆಗ ಸರ್ವರ್‌ನ ಕರೆಂಟ್ ಜೊತೆ ಮಿಕ್ಸಿ, ಫ್ರಿಜ್ಜು, ಗೀಸರ್‌ನ ಕರೆಂಟಿಗೂ ಕಟ್ಟಬೇಕು. ನಿಮ್ಮ ಹವ್ಯಾಸದಿಂದ ಇಡೀ ಮನೆಯ ಬಿಲ್ ಬಂತು ಅಂದರೆ ಮನೆಯವರಿಗೆ ಬೇಸರ ಆಗದೇ ಇರುತ್ತದಾ?

ಕಾಗದದ ಮೇಲಿನ ವ್ಯಾಟ್ ನಂಬಬೇಡಿ. ಪ್ರೊಸೆಸರ್ 35 ವ್ಯಾಟ್‌ನದು ಎಂದು ಬರೆದಿದ್ದರೂ ಸುಮ್ನೆ ಕೂತಾಗ ಇಡೀ ಯಂತ್ರ 12 ವ್ಯಾಟ್ ಎಳೆಯಬಹುದು. ಮನೆಯ ಸರ್ವರ್ ದಿನದ ಬಹುಪಾಲು ಸುಮ್ನೆ ಕೂತೇ ಇರುತ್ತದೆ. ವಿದ್ಯುತ್ ಅಳೆಯುವ ಸ್ಮಾರ್ಟ್ ಪ್ಲಗ್ ಒಂದನ್ನು ತಂದು ಒಂದು ವಾರ ಅಳೆಯಿರಿ. ನಿಮ್ಮ ಮನೆಯ ನಿಜವಾದ ಸಂಖ್ಯೆ ಅದೇ.

ಕಪಾಟಿನಲ್ಲಿರುವ ಹಳೆ ಲ್ಯಾಪ್‌ಟಾಪ್

ಏನೂ ಕೊಳ್ಳುವ ಮೊದಲು ಇದನ್ನು ನೋಡಿ. ಏಳೆಂಟು ವರ್ಷ ಹಳೆಯದಾದರೂ 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಕಲಿಯಲು ಧಾರಾಳ ಸಾಕು. ಸ್ಕ್ರೀನ್ ಆರಿಸಿಟ್ಟರೆ ಕರೆಂಟ್ ಕಡಿಮೆ. ಏನಾದರೂ ಕೆಟ್ಟರೆ ಮಾನಿಟರ್, ಕೀಬೋರ್ಡ್ ಹುಡುಕುವ ಕೆಲಸ ಇಲ್ಲ, ಮುಚ್ಚಳ ತೆಗೆದರಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಬ್ಯಾಟರಿ ಅದರೊಳಗೇ ಇದೆ. ಕರೆಂಟ್ ಹೋದರೂ ಯಂತ್ರ ಬೀಳುವುದಿಲ್ಲ.

ಆ ಬ್ಯಾಟರಿಯೇ ಅದರ ಅಪಾಯ ಕೂಡ. ವರ್ಷಗಟ್ಟಲೆ ನೂರಕ್ಕೆ ನೂರು ಚಾರ್ಜ್‌ನಲ್ಲಿ ಬಿಸಿಯಾಗಿ ಕೂತರೆ ಬ್ಯಾಟರಿ ಉಬ್ಬುತ್ತದೆ. ಬಹಳಷ್ಟು ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು ಶೇಕಡಾ 60 ಅಥವಾ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಅದನ್ನು ಹಾಕಲೇಬೇಕು. ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ, ಅವತ್ತೇ ಬ್ಯಾಟರಿ ತೆಗೆಸಿ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ಉದಾಸೀನ ಬೇಡ. ಮುಚ್ಚಳ ಮುಚ್ಚಿದರೆ ಮಲಗದಂತೆ ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಹಾಕುವ ಉಚಿತ ತಂತ್ರಾಂಶ) ಒಂದು ಸಾಲು ಬದಲಿಸಬೇಕು, ಅಷ್ಟೇ.

ರಾಸ್ಪ್‌ಬೆರಿ ಪೈ

ಇದು ಅಂಗೈಯಲ್ಲಿ ಹಿಡಿಸುವ ಒಂದೇ ಬೋರ್ಡಿನ ಕಂಪ್ಯೂಟರ್. 2023ರ ಕೊನೆಗೆ ಪೈ 5 ಬಂತು. ಸುಮ್ನೆ ಕೂತಾಗ ಮೂರ್ನಾಲ್ಕು ವ್ಯಾಟ್. ಕರೆಂಟ್ ಲೆಕ್ಕದಲ್ಲಿ ಇದನ್ನು ಸೋಲಿಸುವವರಿಲ್ಲ. ಮಗಳಿಗೆ ಎಲ್‌ಇಡಿ ಮಿನುಗಿಸಲು, ಸೆನ್ಸರ್ ಜೋಡಿಸಲು ಕಲಿಸಬೇಕು ಅಂದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅದರ ಪಿನ್‌ಗಳ ಮೇಲೆ ನಾವಿಬ್ಬರೂ ಎಷ್ಟೋ ಭಾನುವಾರ ಕಳೆದಿದ್ದೇವೆ.

ಮನೆಯ ಫೋಟೋ, ಸಿನಿಮಾ ಇಡುವ ಸರ್ವರ್ ಆಗಿ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಬರೀ ಬೋರ್ಡಿನ ಬೆಲೆ ನೋಡಿ ಮೋಸ ಹೋಗಬೇಡಿ. ಅದಕ್ಕೆ 27 ವ್ಯಾಟ್‌ನ ಅಡಾಪ್ಟರ್, ಫ್ಯಾನ್, ಕೇಸ್, ಎಸ್‌ಎಸ್‌ಡಿ ಹಾಕಲು ಇನ್ನೊಂದು ಬೋರ್ಡ್ ಎಲ್ಲ ಸೇರಿದರೆ ಹಳೆ ಮಿನಿ ಪಿಸಿಯ ಹತ್ತಿರಕ್ಕೆ ಬರುತ್ತದೆ. ಎಸ್‌ಎಸ್‌ಡಿ ಹಾಕದೆ ಎಸ್‌ಡಿ ಕಾರ್ಡ್‌ನಲ್ಲೇ ಓಡಿಸಿದರೆ, ದಿನವಿಡೀ ಬರೆಯುವ ಡೇಟಾಬೇಸ್, ಲಾಗ್‌ಗಳಿಗೆ ಕಾರ್ಡ್ ಸವೆದು ಹೋಗುತ್ತದೆ. ನನ್ನದು ಹದಿನಾಲ್ಕು ತಿಂಗಳಿಗೆ ಹೋಯಿತು. ಪೈ 5ರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ ಹಾರ್ಡ್‌ವೇರ್ ಇಲ್ಲ. ಹಾಗಾಗಿ ಮನೆಯ ಸಿನಿಮಾಗಳನ್ನು ಫೋನು, ಟಿವಿಗೆ ಕಳಿಸುವ ಜೆಲ್ಲಿಫಿನ್‌ನಂಥ ತಂತ್ರಾಂಶ ಫೋನಿಗಾಗಿ ವಿಡಿಯೋ ಬದಲಿಸಿ ಕಳಿಸಬೇಕಾದಾಗ ಒದ್ದಾಡುತ್ತದೆ.

ಮಿನಿ ಪಿಸಿ: ಹೆಚ್ಚಿನ ಮನೆಗಳಿಗೆ ನನ್ನ ಉತ್ತರ ಇದೇ

ಕಂಪನಿಗಳು ಕ್ಯೂಬಿಕಲ್‌ಗಳಲ್ಲಿ ಮಾನಿಟರ್ ಹಿಂದೆ ಸಿಕ್ಕಿಸುತ್ತಿದ್ದ ಒಂದು ಲೀಟರ್ ಗಾತ್ರದ ಪೆಟ್ಟಿಗೆಗಳಿವೆಯಲ್ಲ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಅವು. ಒಂದು ದಪ್ಪ ಪುಸ್ತಕದಷ್ಟು. ಬೆಂಗಳೂರಿನಲ್ಲಿ ಎಸ್‌ಪಿ ರೋಡಿಗೆ ಹೋದರೆ ಅಂಗಡಿ ಅಂಗಡಿಯಲ್ಲೂ ಸಾಲಾಗಿ ಪೇರಿಸಿಟ್ಟಿರುತ್ತಾರೆ.

ಇಲ್ಲಿ ಯಾವ ತಲೆಮಾರಿನ ಪ್ರೊಸೆಸರ್ ಎಂಬುದು ಬಹಳ ಮುಖ್ಯ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ 6 ಮತ್ತು 7ನೇ ತಲೆಮಾರಿನ ಯಂತ್ರಗಳು ಆಫೀಸುಗಳಿಗೆ ಬೇಡವಾದವು. ಲಿನಕ್ಸ್‌ಗೆ ಅದರಿಂದ ಏನೂ ತೊಂದರೆ ಇಲ್ಲ. ಈ ಎರಡರಲ್ಲಿ 7ನೆಯದನ್ನೇ ಹುಡುಕಿ. ಈಗಿನ ಫೋನು, ಟಿವಿಗಳ 10 ಬಿಟ್ ಎಚ್‌ಇವಿಸಿ ವಿಡಿಯೋವನ್ನು (ಕಡಿಮೆ ಜಾಗಕ್ಕೆ ಅದುಮಿಟ್ಟ ರೂಪ) ಹಾರ್ಡ್‌ವೇರ್‌ನಲ್ಲೇ ಬಿಡಿಸುವುದು ಅಲ್ಲಿಂದ ಶುರು. 6ರಲ್ಲಿ ಅದು ಪೂರ್ತಿ ಇಲ್ಲ. ಲೆನೊವೊ ಎಂ710ಕ್ಯು, ಡೆಲ್ 7050 ಮೈಕ್ರೋ, ಎಚ್‌ಪಿ 800 ಜಿ3 ಮಿನಿ ಇವುಗಳಲ್ಲಿ ಎರಡೂ ತಲೆಮಾರು ಬರುತ್ತವೆ. ಹೊರಗಿನ ಸ್ಟಿಕ್ಕರ್ ನಂಬದೆ ಪ್ರೊಸೆಸರ್ ಸಂಖ್ಯೆ ಓದಿ. ಐ5-7500ಟಿ ಆದರೆ 7ನೆಯದು, ನಾಲ್ಕು ಕೋರ್. ದುಡ್ಡು ಸ್ವಲ್ಪ ಜಾಸ್ತಿ ಇದ್ದರೆ ಐ5-8500ಟಿ, ಆರು ಕೋರ್.

ಅಂಗಡಿಯಲ್ಲೇ ನೋಡಬೇಕಾದ ವಿಷಯಗಳಿವೆ. ಮೊದಲನೆಯದು ಬಯೋಸ್‌ನ, ಅಂದರೆ ಯಂತ್ರ ಹೊತ್ತಿದ ಕೂಡಲೇ ತೆರೆಯುವ ಮೂಲ ಸೆಟ್ಟಿಂಗ್‌ನ, ಪಾಸ್‌ವರ್ಡ್. ಕಂಪನಿಯಿಂದ ಬಂದ ಯಂತ್ರಗಳಲ್ಲಿ ಇದು ಹಾಗೆಯೇ ಉಳಿದಿರುತ್ತದೆ. ಒಳಗೆ ಹೋಗಲು ಆಗದಿದ್ದರೆ, ಕರೆಂಟ್ ಬಂದ ಕೂಡಲೇ ತಾನೇ ಹೊತ್ತಿಕೊಳ್ಳುವ ಸೆಟ್ಟಿಂಗ್ ಹಾಕಲು ಆಗುವುದಿಲ್ಲ. ಅದು ಇಲ್ಲದಿದ್ದರೆ ಪ್ರತಿ ಸಲ ಕರೆಂಟ್ ಹೋದಾಗಲೂ ಯಾರಾದರೂ ಬಟನ್ ಒತ್ತಬೇಕು. ನಾನು ಅಂಗಡಿಯವರ ಮುಂದೆಯೇ ಬಯೋಸ್ ತೆರೆಸಿ, ಆ ಸೆಟ್ಟಿಂಗ್ ಹಾಕಿ, ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿಯೇ ದುಡ್ಡು ಕೊಟ್ಟದ್ದು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಎರಡನೆಯದು ಅಡಾಪ್ಟರ್. ಅದೇ ಕಂಪನಿಯದ್ದು, ಸರಿಯಾದ ವ್ಯಾಟ್‌ನದ್ದು ಜೊತೆಗೇ ಕೇಳಿ ಪಡೆಯಿರಿ. ಆಮೇಲೆ ಫ್ಯಾನ್ ಹತ್ತಿರ ಕಿವಿ ಇಟ್ಟು ಕೇಳಿ. ಅಂಗಡಿಯ ಗದ್ದಲದಲ್ಲಿ ಕೇಳದ ಕಿರುಗುಟ್ಟುವಿಕೆ ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಚೆನ್ನಾಗಿ ಕೇಳುತ್ತದೆ.

ಹೊಸದೇ ಬೇಕು ಅನ್ನುವವರಿಗೆ ಇಂಟೆಲ್ ಎನ್100 ಇರುವ ಮಿನಿ ಪಿಸಿಗಳಿವೆ. 2023ರಲ್ಲಿ ಬಂದ ಪ್ರೊಸೆಸರ್, ನಾಲ್ಕು ಕೋರ್, 6 ವ್ಯಾಟ್‌ನದು. ವಿಡಿಯೋ ವಿಷಯದಲ್ಲಿ ಹಳೆಯ 7ನೇ, 8ನೇ ತಲೆಮಾರಿಗಿಂತ ಮುಂದೆ, ಎವಿ1 ಎಂಬ ಹೊಸ ರೂಪದ ವಿಡಿಯೋ ಕೂಡ ಬಿಡಿಸುತ್ತದೆ. ವಾರಂಟಿಯೂ ಇರುತ್ತದೆ. ಆದರೆ ರ‍್ಯಾಮ್‌ಗೆ ಒಂದೇ ಚಾನೆಲ್, ಇಂಟೆಲ್ ಅಧಿಕೃತವಾಗಿ ಹೇಳುವುದು 16 ಜಿಬಿವರೆಗೆ ಮಾತ್ರ. ಹೆಸರು ಕೇಳದ ಬ್ರ್ಯಾಂಡ್ ಆದರೆ ಬಯೋಸ್ ಅಪ್‌ಡೇಟ್ ಬರುವುದೇ ಅನುಮಾನ. ಫೋಟೋ, ಸಿನಿಮಾ, ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಲೈಟು, ಸೆನ್ಸರ್ ನೋಡಿಕೊಳ್ಳುವ ತಂತ್ರಾಂಶ) ಇಷ್ಟೇ ಸಾಕು ಅನ್ನುವವರಿಗೆ ಎನ್100. ವರ್ಚುವಲ್ ಮಷೀನ್‌ಗಳನ್ನು (ಒಂದೇ ಯಂತ್ರದೊಳಗೆ ಓಡುವ ಕಾಲ್ಪನಿಕ ಕಂಪ್ಯೂಟರ್‌ಗಳು) ಏಳಿಸಿ, ಬೀಳಿಸಿ ಕಲಿಯಬೇಕು ಅನ್ನುವವರಿಗೆ 32 ಜಿಬಿ ಹಾಕಬಹುದಾದ ಹಳೆ ಐ5. ನಾನು ಎರಡನೆಯದನ್ನು ಆರಿಸಿಕೊಂಡೆ, ಆ ಬಗ್ಗೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಮಿನಿ ಪಿಸಿಯ ಕೊರತೆ ಒಂದೇ. ದೊಡ್ಡ ಹಾರ್ಡ್‌ಡಿಸ್ಕ್‌ಗೆ ಒಳಗೆ ಜಾಗ ಇಲ್ಲ. ಹತ್ತಾರು ಟಿಬಿ ಬೇಕು ಅನ್ನುವವರು ಮುಂದಿನದನ್ನು ಓದಿ.

ಸಿದ್ಧ ನ್ಯಾಸ್ ಪೆಟ್ಟಿಗೆ

ಸಿನಾಲಜಿ, ಕ್ಯುನ್ಯಾಪ್‌ನಂಥವರ ಎರಡು ಡಿಸ್ಕ್‌ನ ಪೆಟ್ಟಿಗೆ, ಮನೆಯ ಎಲ್ಲರೂ ನೆಟ್‌ವರ್ಕ್ ಮೂಲಕ ಫೈಲು ಇಡಲೆಂದೇ ಮಾಡಿದ್ದು. ಇದೇ ಹೋಲಿಕೆಯಲ್ಲಿ ದುಬಾರಿ, ಡಿಸ್ಕ್ ಬೇರೆ ಕೊಳ್ಳಬೇಕು. ಡಿಸ್ಕ್ ತಿರುಗುತ್ತಿದ್ದರೆ 15-20 ವ್ಯಾಟ್. ಆದರೂ ಇದನ್ನು ಕೊಂಡವರನ್ನು ನಾನು ಗೌರವಿಸುತ್ತೇನೆ. ಮನೆಯವರಿಗೆ ಬೇಕಾದ್ದು ಫೋನಿನಲ್ಲಿ ಒಂದು ಆ್ಯಪ್, ತಾನೇ ಮೇಲೇರುವ ಫೋಟೋಗಳು. ಅದು ಇಲ್ಲಿ ಮೊದಲ ದಿನದಿಂದಲೇ ಸಿಗುತ್ತದೆ. ನಿಮಗೆ ಸರ್ವರ್ ನಡೆಸುವುದರಲ್ಲಿ ಆಸಕ್ತಿ ಇಲ್ಲ, ಫೋಟೋ ಮನೆಯಲ್ಲೇ ಇರಬೇಕು ಅಷ್ಟೇ ಅಂದರೆ ಇದನ್ನೇ ತನ್ನಿ.

ಎರಡು ವಿಷಯ ಗೊತ್ತಿರಲಿ. ಕಂಪನಿಯ ಮನಸ್ಸು ಬದಲಾಗಬಹುದು. 2025ರಲ್ಲಿ ಸಿನಾಲಜಿ ತನ್ನ ಹೊಸ ಪ್ಲಸ್ ಮಾದರಿಗಳಲ್ಲಿ ಬೇರೆಯವರ ಡಿಸ್ಕ್‌ಗಳಿಗೆ ನಿರ್ಬಂಧ ಹಾಕಿತು, ಬಳಕೆದಾರರು ಸಿಟ್ಟಾದ ಮೇಲೆ ಅದೇ ವರ್ಷ ಸಡಿಲಿಸಿತು. ಇನ್ನೊಂದು, ಇಂಥ ಪೆಟ್ಟಿಗೆಯನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬಾರದು. 2022ರ ಜನವರಿಯಲ್ಲಿ ಫೈಲುಗಳನ್ನು ಒತ್ತೆಯಿಟ್ಟು ದುಡ್ಡು ಕೇಳುವ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಹಾಗೆ ತೆರೆದಿಟ್ಟ ಕ್ಯುನ್ಯಾಪ್ ಪೆಟ್ಟಿಗೆಗಳನ್ನೇ ಹುಡುಕಿ ಹುಡುಕಿ ಬೀಗ ಹಾಕಿತು.

ಡಿಸ್ಕ್ ಕೊಳ್ಳುವಾಗ ಸಿಎಂಆರ್ (ಡೇಟಾದ ಸಾಲುಗಳನ್ನು ಬೇರೆ ಬೇರೆಯಾಗಿ ಬರೆಯುವ ಬಗೆ) ಎಂದು ಬರೆದಿರುವುದನ್ನೇ ಕೇಳಿ. ಸಾಲುಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳು ಅಗ್ಗ, ಆದರೆ ಒಂದು ಡಿಸ್ಕ್ ಸತ್ತು ಹೊಸದಕ್ಕೆ ಎಲ್ಲವನ್ನೂ ಮತ್ತೆ ಬರೆಯುವಾಗ ವಿಪರೀತ ನಿಧಾನ. ಮತ್ತೆ, ಎರಡೂ ಡಿಸ್ಕ್‌ನಲ್ಲಿ ಅದೇ ಫೈಲುಗಳ ನಕಲು ಇರುವುದನ್ನು ಬ್ಯಾಕಪ್ ಎಂದು ತಿಳಿಯಬೇಡಿ. ಮಗು ಅಪ್ಪಿತಪ್ಪಿ ಒಂದು ಆಲ್ಬಂ ಅಳಿಸಿದರೆ ಅದೇ ಕ್ಷಣ ಎರಡೂ ಡಿಸ್ಕ್‌ನಿಂದ ಹೋಗುತ್ತದೆ.

ಹಳೆ ರ‍್ಯಾಕ್ ಸರ್ವರ್

ಡೆಲ್ ಆರ್720, ಎಚ್‌ಪಿ ಡಿಎಲ್380ಯಂಥ ಹಳೆ ಸರ್ವರ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ, ರ‍್ಯಾಮ್ ಕೂಡ ಭರ್ಜರಿ ಇರುತ್ತದೆ. ಫ್ಲ್ಯಾಟ್‌ಗೆ ಬೇಡ. ಕರೆಂಟ್ ಲೆಕ್ಕ ಮೇಲೆಯೇ ನೋಡಿದಿರಿ. ಸದ್ದು ಅದಕ್ಕಿಂತ ಕಷ್ಟ. ಬೇರೆ ಗೋಡೌನ್, ಸೋಲಾರ್ ಇರುವವರ ಮಾತು ಬೇರೆ.

ಒಂದು ದೊಡ್ಡದಾ, ಎರಡು ಚಿಕ್ಕದಾ?

ನಾನು ಈ ಬರಹ ಶುರು ಮಾಡಿದ್ದೇ ಇದನ್ನು ಹೇಳಲು. ಮನೆಯವರು ನಂಬಿಕೊಂಡಿರುವ ಕೆಲಸಗಳು ಒಂದು ಪೆಟ್ಟಿಗೆಯಲ್ಲಿ ಇರಲಿ, ನಿಮ್ಮ ಪ್ರಯೋಗಗಳು ಇನ್ನೊಂದರಲ್ಲಿ. 25,000 ರೂಪಾಯಿ ಇದ್ದರೆ ಅದಕ್ಕೆ ಬರುವ ಒಂದು ಬಲವಾದ ಯಂತ್ರ ತರಬೇಡಿ. ಎರಡು ಹಳೆ ಮಿನಿ ಪಿಸಿ ತನ್ನಿ.

ಮನೆಯ ಪೆಟ್ಟಿಗೆಯಲ್ಲಿ ಬರೀ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ), ಆ್ಯಪ್‌ಗಳನ್ನು ಬೇರೆ ಬೇರೆಯಾಗಿ ಓಡಿಸುವ ಡಾಕರ್ ಕಂಪೋಸ್. ಫೋಟೋ, ಸಿನಿಮಾ, ಕಾಗದಪತ್ರಗಳ ಸ್ಕ್ಯಾನ್, ಇಷ್ಟೇ. ಇದನ್ನು ನಾನು ಮುಟ್ಟುವುದು ತಿಂಗಳಿಗೊಮ್ಮೆ, ಶನಿವಾರ ಬೆಳಿಗ್ಗೆ ಆರಕ್ಕೆ, ಎಲ್ಲರೂ ಏಳುವ ಮೊದಲು. ಏನಾದರೂ ಕೆಟ್ಟರೆ ಸರಿಮಾಡಲು ಇಡೀ ಬೆಳಿಗ್ಗೆ ಇರುತ್ತದೆ. ಪರೀಕ್ಷೆ ತಿಂಗಳಲ್ಲಿ ಮುಟ್ಟುವುದೇ ಇಲ್ಲ.

ಆಟದ ಪೆಟ್ಟಿಗೆಯಲ್ಲಿ ವರ್ಚುವಲ್ ಮಷೀನ್‌ಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್. ಅದರಲ್ಲಿ ಸ್ನ್ಯಾಪ್‌ಶಾಟ್ ತೆಗೆದು, ಏನಾದರೂ ಮಾಡಿ, ಹಾಳಾದರೆ ಹಿಂದಕ್ಕೆ ಹೋಗಬಹುದು. ಕುಬರ್ನೆಟಿಸ್ ಕಲಿಯುವುದು, ಹೊಸ ಆ್ಯಪ್ ನೋಡುವುದು, ನೆಟ್‌ವರ್ಕ್ ಮುರಿದು ಕಟ್ಟುವುದು ಎಲ್ಲ ಇಲ್ಲೇ. ಬೇಡವಾದಾಗ ಆರಿಸಿಡಬಹುದು, ಕರೆಂಟೂ ಉಳಿಯುತ್ತದೆ. ಮಧ್ಯದಲ್ಲಿ ಮಗಳು "ಅಪ್ಪಾ, ಬಾ" ಎಂದು ಕರೆದರೆ ಹಾಗೆಯೇ ಬಿಟ್ಟು ಎದ್ದು ಹೋಗಬಹುದು. ಮುರಿದ ಸ್ಥಿತಿಯಲ್ಲಿ ಮೂರು ದಿನ ಇದ್ದರೂ ಯಾರಿಗೂ ತೊಂದರೆ ಇಲ್ಲ. ಒಂದೇ ಪೆಟ್ಟಿಗೆ ಇದ್ದಾಗ ನನಗೆ ಹಾಗೆ ಏಳಲು ಆಗುತ್ತಿರಲಿಲ್ಲ. "ಐದು ನಿಮಿಷ" ಎಂದು ಹೇಳಿ ಒಂದೂವರೆ ಗಂಟೆ ಕೂರುತ್ತಿದ್ದೆ.

ಡಿಎನ್‌ಎಸ್ ಎಲ್ಲಿಡೋದು ಎಂದು ಕೇಳಬಹುದು. ಜಾಹೀರಾತು ತಡೆಯುವ ಡಿಎನ್‌ಎಸ್ ತಂತ್ರಾಂಶಗಳಲ್ಲಿ ಪೈ-ಹೋಲ್, ಆ್ಯಡ್‌ಗಾರ್ಡ್ ಹೋಮ್ ಎರಡೂ ಚೆನ್ನಾಗಿವೆ. ಆದರೆ ಮೊದಲ ವರ್ಷ ಅದನ್ನು ನಿಮ್ಮ ಫೋನು, ನಿಮ್ಮ ಲ್ಯಾಪ್‌ಟಾಪ್‌ಗೆ ಮಾತ್ರ ಹಾಕಿಕೊಳ್ಳಿ. ಇಡೀ ಮನೆಗೆ ಹಾಕುವುದಾದರೆ ಎರಡು ಬೇರೆ ಯಂತ್ರಗಳಲ್ಲಿ ಎರಡು ಪ್ರತಿ ಓಡಿಸಿ, ಎರಡನ್ನೂ ರೂಟರ್‌ನಲ್ಲಿ ಕೊಡಿ.

ಇನ್ವರ್ಟರ್ ಸಾಕಾ?

ನಮ್ಮ ಮನೆಗಳಲ್ಲಿ ಯುಪಿಎಸ್ ಎಂದು ಕರೆಯುವುದು ಹೆಚ್ಚಾಗಿ ಇನ್ವರ್ಟರ್‌ಗೆ. ಫ್ಯಾನು, ಲೈಟಿಗೆ ಅದು ಸರಿ. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಚಿಕ್ಕ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದಾ ಎಂಬುದು ಇನ್ವರ್ಟರ್ ಯಾವ ಮೋಡ್‌ನಲ್ಲಿದೆ ಎಂಬುದರ ಮೇಲೆ ನಿಂತಿದೆ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್‌ನ ಸ್ವಿಚ್ ಇರುತ್ತದೆ, ಅದರಲ್ಲಿ ಬದಲಾವಣೆ ಬೇಗ. ಮೇನ್ ಆಫ್ ಮಾಡಿ ನಾಲ್ಕೈದು ಸಲ ಪರೀಕ್ಷಿಸಿ. ಒಂದು ಸಲವಾದರೂ ಯಂತ್ರ ಬಿದ್ದರೆ 600 ವಿಎ ಚಿಕ್ಕ ಯುಪಿಎಸ್ ಒಂದನ್ನು ಮಧ್ಯೆ ಹಾಕಿ. ಯುಎಸ್‌ಬಿ ತಂತಿ ಇರುವುದಾದರೆ ನಟ್ ಎಂಬ ತಂತ್ರಾಂಶ ಬ್ಯಾಟರಿ ಮುಗಿಯುವ ಮೊದಲೇ ಸರ್ವರನ್ನು ಸರಿಯಾಗಿ ಆರಿಸುತ್ತದೆ.

ರೂಟರ್‌ಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟ್‌ನ ಮಿನಿ ಯುಪಿಎಸ್ ತನ್ನಿ. ಬೆಲೆ ಕಡಿಮೆ, ಉಪಯೋಗ ಬಹಳ. ಕರೆಂಟ್ ಹೋದಾಗ ಮನೆಯವರು ಮೊದಲು ಕೇಳುವುದು ವೈಫೈ ತಾನೇ?

ಇಡುವ ಜಾಗದ ಬಗ್ಗೆ ಒಂದೇ ಮಾತು. ಅಟ್ಟದಲ್ಲಿ ಬೇಡ, ಬೇಸಿಗೆಯಲ್ಲಿ ತಾರಸಿಯ ಕೆಳಗೆ ಕಾವು ಜಾಸ್ತಿ. ಮಲಗುವ ಕೋಣೆಯಲ್ಲೂ ಬೇಡ. ನಮ್ಮದು ಟಿವಿ ಸ್ಟ್ಯಾಂಡ್‌ನ ಹಿಂದೆ, ಗಾಳಿ ಆಡುವಂತೆ ಗೋಡೆಯಿಂದ ಒಂದು ಗೇಣು ದೂರ ಇದೆ.

ಹೊರಗಿನಿಂದ ನೋಡುವುದು

ನಮ್ಮ ಕಡೆಯ ಎಷ್ಟೋ ಫೈಬರ್ ಸಂಪರ್ಕಗಳು ಸಿಜಿನ್ಯಾಟ್ ಹಿಂದೆ ಇವೆ. ಅಂದರೆ ಹಲವು ಮನೆಗಳಿಗೆ ಸೇರಿ ಒಂದೇ ಐಪಿವಿ4 ವಿಳಾಸ. ಹಾಗಾಗಿ ರೂಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಒಳಗೆ ಬರಲು ಆಗುವುದಿಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ, ಯಾರಿಗೂ ಬಾಗಿಲು ಕಾಣುವುದಿಲ್ಲ.

ದಾರಿ ಎರಡಿವೆ. ವೈರ್‌ಗಾರ್ಡ್ ಎಂಬ ವಿಪಿಎನ್ (ಖಾಸಗಿ ಸುರಂಗದಂಥ ಸಂಪರ್ಕ) ಮೇಲೆ ಕಟ್ಟಿದ ಟೈಲ್‌ಸ್ಕೇಲ್ ಹಾಕಿದರೆ ನಿಮ್ಮ ಮನೆಯವರ ಫೋನುಗಳು ಮಾತ್ರ ಸರ್ವರ್ ನೋಡುತ್ತವೆ. ಮನೆಬಳಕೆಗೆ ಉಚಿತ ಪ್ಲಾನ್ ಸಾಕು. ಹೆಂಡತಿಯ ಫೋನಿನಲ್ಲಿ ಒಮ್ಮೆ ಹಾಕಿಕೊಟ್ಟೆ, ಅದು ಇದೆ ಎಂಬುದೇ ಅವಳಿಗೆ ಮರೆತುಹೋಗಿದೆ. ಇನ್ನೊಂದು ಕ್ಲೌಡ್‌ಫ್ಲೇರ್ ಟನಲ್. ಫೋನಿನಲ್ಲಿ ಏನೂ ಹಾಕದೆ ಬ್ರೌಸರ್‌ನಲ್ಲೇ ತೆರೆಯಬಹುದು, ನೆಂಟರಿಗೆ ಆಲ್ಬಂ ತೋರಿಸಲು ಸುಲಭ. ಆದರೆ ಉಚಿತ ಪ್ಲಾನ್‌ನಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡದನ್ನು ಅಪ್‌ಲೋಡ್ ಮಾಡಲು ಬಿಡುವುದಿಲ್ಲ. ಸ್ಕೂಲ್ ಡೇ ಡ್ಯಾನ್ಸ್ ವಿಡಿಯೋ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯ ಫೋಟೋಗಳಿಗೆ ನಾನು ಟೈಲ್‌ಸ್ಕೇಲ್ ಅನ್ನೇ ಹೇಳುವುದು.

ಗೂಗಲ್ ಫೋಟೋಸ್ ಬಿಡೋದಾ?

2021ರ ಜೂನ್ 1ರಿಂದ ಅಲ್ಲಿ ಉಚಿತವಾಗಿ ಎಷ್ಟು ಬೇಕಾದರೂ ಇಡುವುದು ನಿಂತಿತು. 15 ಜಿಬಿ ತುಂಬಿದ ಮೇಲೆ ತಿಂಗಳ ಬಾಡಿಗೆ. ನನ್ನ ಹಾಗೆ ಎಷ್ಟೋ ಜನ ಸರ್ವರ್ ಕಡೆಗೆ ಬಂದದ್ದು ಆಗಲೇ.

ನಮ್ಮದೇ ಸರ್ವರ್‌ನಲ್ಲಿ ಹಾಕುವ ಇಮ್ಮಿಚ್ ಎಂಬ ಆ್ಯಪ್ ಇದಕ್ಕೆ ಬಹಳ ಹತ್ತಿರದ ಬದಲಿ. ಮುಖ ಗುರುತಿಸುವುದು, ಮ್ಯಾಪ್, ಫೋನಿನಿಂದ ತಾನೇ ಏರುವುದು ಎಲ್ಲ ಇದೆ. ಎಲ್ಲವೂ ನಿಮ್ಮ ಪೆಟ್ಟಿಗೆಯಲ್ಲೇ ನಡೆಯುತ್ತದೆ. 8 ಜಿಬಿ ರ‍್ಯಾಮ್ ಇರಲಿ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಫೈಲು, ಕ್ಯಾಲೆಂಡರ್, ಕಾಂಟ್ಯಾಕ್ಟ್ ಎಲ್ಲ ಬರುತ್ತದೆ, ಆದರೆ ಬರೀ ಫೋಟೋಗೆ ಅದು ಭಾರ. ಫೋಟೋ ಮುಖ್ಯ ಆದರೆ ಇಮ್ಮಿಚ್.

ಒಂದು ವಿನಂತಿ. ಮೊದಲ ಒಂದು ವರ್ಷ ಗೂಗಲ್ ಖಾತೆ ಹಾಗೆಯೇ ಇರಲಿ, ಎರಡೂ ಕಡೆ ಹೋಗಲಿ. ಮಗುವಿನ ಮೊದಲ ಹೆಜ್ಜೆಯ ವಿಡಿಯೋ ಹೆಂಡತಿಗೂ ಸೇರಿದ್ದು. ಅದನ್ನು ಎಲ್ಲಿಡಬೇಕು ಎಂದು ನೀವೊಬ್ಬರೇ ತೀರ್ಮಾನ ಮಾಡಬೇಡಿ. ಅವರೇ ಒಂದು ದಿನ "ಇದರಲ್ಲೇ ಬೇಗ ಸಿಗುತ್ತೆ" ಎಂದರೆ ಆಗ ಬಾಡಿಗೆ ನಿಲ್ಲಿಸಿ. ನಮ್ಮ ಮನೆಯಲ್ಲಿ ಅದಕ್ಕೆ ಹದಿನಾರು ತಿಂಗಳು ಹಿಡಿಯಿತು.

ನೀವು ಮನೆಯಲ್ಲಿ ಇಲ್ಲದಾಗ

ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ. ಕನ್ನಡದಲ್ಲಿ, ಕೈಬರಹದಲ್ಲಿ. ಯಾವ ಪೆಟ್ಟಿಗೆ ಯಾವುದು, ಹಸಿರು ಟೇಪ್ ಇರುವುದು ಮನೆಯದು, ಕೆಂಪು ಟೇಪ್ ಇರುವುದನ್ನು ಧಾರಾಳವಾಗಿ ಆರಿಸಬಹುದು. ನೆಟ್ ಇಲ್ಲದಿದ್ದರೆ ಏನು ಮಾಡಬೇಕು, ಫೋಟೋಗಳ ಇನ್ನೊಂದು ಪ್ರತಿ ಎಲ್ಲಿದೆ, ಪಾಸ್‌ವರ್ಡ್ ಇರುವ ಲಕೋಟೆ ಎಲ್ಲಿದೆ. ಹಾಳೆ ಸರಿಯಿದೆಯಾ ಎಂದು ತಿಳಿಯಲು ಒಂದು ಭಾನುವಾರ ನಾನು ಹೊರಗೆ ಹೋಗಿ ನಿಂತೆ. ಹೆಂಡತಿ ಅದನ್ನು ಓದಿಕೊಂಡು ಎಲ್ಲವನ್ನೂ ಆರಿಸಿ, ಮತ್ತೆ ಹೊತ್ತಿಸಿದಳು. ಮೂರು ಕಡೆ ನನ್ನ ಬರಹ ಅರ್ಥವಾಗಲಿಲ್ಲ ಎಂದಳು. ಅದನ್ನು ತಿದ್ದಿದೆವು. ನನಗೆ ಏನಾದರೂ ಆದರೆ ಫೋಟೋಗಳು ಅವಳಿಗೆ ಸಿಗಬೇಕು. ಯಂತ್ರ ಆಯ್ಕೆ ಮಾಡುವುದಕ್ಕಿಂತ ಈ ಹಾಳೆ ಬರೆಯಲು ನಾನು ಜಾಸ್ತಿ ಸಮಯ ಕೊಟ್ಟೆ.

ಇನ್ನು ಎರಡನೇ ಪ್ರತಿ. ಅದು ಮನೆಯ ಹೊರಗೇ ಇರಬೇಕು. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಊರಿನಲ್ಲಿ, ಅಪ್ಪ-ಅಮ್ಮನ ಮನೆಯಲ್ಲಿದೆ. ಅಲ್ಲಿ ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು, ಸಿಡಿಲು. ಮೋಡ ಕಟ್ಟಿದ ಕೂಡಲೇ ಮನೆಯ ಪ್ಲಗ್ ಎಲ್ಲ ಕೀಳುವುದು ಅಮ್ಮನ ರೂಢಿ, ಅದು ಸರಿಯಾದದ್ದೇ. ಹೀಗೆ ಏಕಾಏಕಿ ಕಿತ್ತರೂ ತಡೆದುಕೊಳ್ಳುವ ಯಂತ್ರ ಅಲ್ಲಿಗೆ ಬೇಕಿತ್ತು. ಮಿನಿ ಪಿಸಿ ಆಗುವುದಿಲ್ಲ, ಪೈಯೂ ಆಗುವುದಿಲ್ಲ. ಅಲ್ಲಿ ಕೂತಿರುವುದು ನನ್ನ ಹಳೆ ಬಿಸಿನೆಸ್ ಲ್ಯಾಪ್‌ಟಾಪ್. ಪ್ಲಗ್ ಕಿತ್ತರೆ ಬ್ಯಾಟರಿಯಲ್ಲಿ ಓಡುತ್ತದೆ. ಬ್ಯಾಟರಿ ಇಳಿದರೆ ತಾನೇ ಸರಿಯಾಗಿ ಆರುತ್ತದೆ. ಚಾರ್ಜರ್ ಹಾಕಿದರೆ ಹೊತ್ತಿಕೊಳ್ಳುವಂತೆ ಬಯೋಸ್‌ನಲ್ಲಿ ಸೆಟ್ಟಿಂಗ್ ಇದೆ. ಪ್ರತಿ ರಾತ್ರಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬೆಂಗಳೂರಿನಿಂದ ಅಲ್ಲಿಗೆ ಹೊಸ ಫೋಟೋಗಳನ್ನು ಮಾತ್ರ, ಗುಪ್ತಲಿಪಿಯಲ್ಲಿ ಕಳಿಸುತ್ತದೆ.

ಕಳೆದ ಮೇ ತಿಂಗಳಲ್ಲಿ ಎರಡು ರಾತ್ರಿ ಬ್ಯಾಕಪ್ ಆಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ರೂಟರ್‌ದೂ ಕಿತ್ತಿದೀನಿ ಕಣೋ, ಸಿಡಿಲು ಜೋರು" ಅಂದರು. ಮೂರನೇ ದಿನ ಬೆಳಿಗ್ಗೆ ಪ್ಲಗ್ ಹಾಕಿದ್ದಾರೆ. ಅವತ್ತು ರಾತ್ರಿ ಮೂರೂ ದಿನದ ಫೋಟೋಗಳು ಒಟ್ಟಿಗೆ ಊರು ತಲುಪಿದವು.